ಒಂದು ಹನಿ ರಕ್ತದ ಲೆಕ್ಕ

ಹೊಂಗಡಹಳ್ಳದ ಕಡೆಯ ಒಬ್ಬ ಹುಡುಗನಿಗೆ ದೆವ್ವ ಮೆಟ್ಟಿಕೊಂಡಿದೆ ಎಂದು ಊರವರು ಎರಡು ವರ್ಷ ನಂಬಿದ್ದರು. ನಾನು ನಂಬಿರಲಿಲ್ಲ. ನಾನು ನಾಲ್ಕಕ್ಷರ ಕಲಿತವನು. ಅವನಿಗೆ ಸೊಕ್ಕು ಹಿಡಿದಿದೆ ಎಂದು ನಂಬಿದ್ದೆ. ಈ ಎರಡು ನಂಬಿಕೆಗಳಲ್ಲಿ ಯಾವುದು ಆ ಹುಡುಗನಿಗೆ ಹೆಚ್ಚು ಪೆಟ್ಟು ಕೊಟ್ಟಿತೆಂಬುದನ್ನು ಇಂದಿಗೂ ತೀರ್ಮಾನಿಸಲಾರೆ.

ಆಗ ನಾನು ಮೇಷ್ಟ್ರು. ಹುಡುಗನಿಗೆ ಹದಿಮೂರು ವರ್ಷ. ತಾಯಿ ಕಾಫಿ ತೋಟದಲ್ಲಿ ಹಣ್ಣು ಕುಯ್ಯಲು ಹೋಗುತ್ತಿದ್ದರು, ತಂದೆ ಕ್ಯೂರಿಂಗ್ ಕಾರ್ಖಾನೆಯಲ್ಲಿ ಮೂಟೆ ಹೊರುತ್ತಿದ್ದರು. ಹುಡುಗನ ಅಕ್ಷರ ಮುತ್ತು ಪೋಣಿಸಿದಂತಿತ್ತು. ಏಳನೆಯ ತರಗತಿಯ ನಡುವಿನಿಂದ ಆ ಅಕ್ಷರ ಕೆಡತೊಡಗಿತು. ಸಾಲು ಬಿಟ್ಟು ಇಳಿಯಿತು, ಚಿಕ್ಕದಾಯಿತು, ಕೊನೆಗೆ ಕೋಳಿ ಕೆದರಿದಂತಾಯಿತು. ಪಾಠದ ನಡುವೆ ಕಾರಣವಿಲ್ಲದೆ ನಗುತ್ತಿದ್ದ. ಬೈದರೆ ಅಳುತ್ತಿದ್ದ, ಮತ್ತೆ ನಗುತ್ತಿದ್ದ. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಪಕ್ಕದ ಹುಡುಗರು ದೂರ ಸರಿದು ಕುಳಿತರು. ನಾನು ಮಾಡಿದ್ದೇನು? ನೂರು ಸಲ ಕಾಪಿ ಬರೆಸಿದೆ. ನಡುಗುವ ಕೈಗೆ ರೂಲುದೊಣ್ಣೆಯಿಂದ ಹೊಡೆದೆ. ಹೊಡೆಯುವುದು ಕಾಯಿದೆಗೆ ವಿರುದ್ಧವೆಂದು ನನಗೆ ಗೊತ್ತಿತ್ತು. ಆದರೂ ಹೊಡೆದೆ.

ಮನೆಯಲ್ಲಿ ಅವನು ಇನ್ನೂ ಕೆಟ್ಟಿದ್ದ. ಉಣ್ಣುವ ತಟ್ಟೆಯನ್ನು ತಂಗಿಯ ಮೇಲೆ ಎಸೆದ. ರಾತ್ರಿ ಮಲಗದೆ ಹೊರಗೆ ಓಡಿದ. ಆನೆ ಓಡಾಡುವ ಊರಿನಲ್ಲಿ ರಾತ್ರಿ ಹೊರಗೆ ಓಡಿದ ಮಗನನ್ನು ಹುಡುಕುವುದೆಂದರೆ ಏನೆಂದು ಪೇಟೆಯವರಿಗೆ ಹೇಳಿ ತಿಳಿಸುವುದು ಕಷ್ಟ. ನಿವಾಳಿಸಿದರು, ಅಂತ್ರ ಕಟ್ಟಿಸಿದರು, ತಡೆ ಒಡೆಸಿದರು. ಮೆಣಸಿನಕಾಯಿಯ ಹೊಗೆ ಹಾಕಿದರು. ಒಬ್ಬ ಮಂತ್ರವಾದಿ ಬೇವಿನ ಬರಲಿನಿಂದ ಬಡಿದ. ತಂದೆಯ ಎರಡು ತಿಂಗಳ ಕೂಲಿ ಅಲ್ಲಿಗೆ ಹೋಯಿತು. ಅನಂತರ ಪೇಟೆಯ ಒಬ್ಬ ಡಾಕ್ಟರರು ತಲೆಕೆಟ್ಟವರಿಗೆ ಕೊಡುವ ಮಾತ್ರೆ ಬರೆದರು. ವಾರದೊಳಗೆ ಕುತ್ತಿಗೆ ಸೆಟೆದು, ಕೈ ಮಡಚಿಕೊಂಡು, ಮಾತು ಪೂರ್ತಿ ತೊದಲಿತು. ಚೀಟಿ ಇಂಗ್ಲಿಷಿನಲ್ಲಿತ್ತು. ತಾಯಿಗೆ ಓದಲು ಬಾರದು. ನನಗೆ ಓದಲು ಬಂದರೂ ಅರ್ಥವಾಗಲಿಲ್ಲ.

ಕಡೆಗೆ ಆ ಹುಡುಗನ ರೋಗ ಹಿಡಿದದ್ದು ಯಾರು? ಮನಸ್ಸಿನ ಡಾಕ್ಟರರಲ್ಲ, ಮೇಷ್ಟ್ರಲ್ಲ. ಅಜ್ಜಿಯ ಪೊರೆ ತೋರಿಸಲು ಕಣ್ಣಿನ ಶಿಬಿರಕ್ಕೆ ಹೋದಾಗ ಜೊತೆಗೆ ಹೋದ ಹುಡುಗನ ಕಣ್ಣನ್ನು ಅಲ್ಲಿನ ಕಣ್ಣಿನ ವೈದ್ಯೆಯೊಬ್ಬರು ಸುಮ್ಮನೆ ನೋಡಿದರು. ಕರಿಗುಡ್ಡೆಯ ಅಂಚಿನಲ್ಲಿ ಕಂದು ಹೊನ್ನಿನ ಬಣ್ಣದ ಒಂದು ಉಂಗುರ. "ಇವನನ್ನು ನಾಳೆಯೇ ಬೆಂಗಳೂರಿಗೆ ಕರೆದುಕೊಂಡು ಹೋಗಿ" ಎಂದರು. ನಿಮ್ಹಾನ್ಸಿನಲ್ಲಿ ರಕ್ತ, ಮೂತ್ರ ಪರೀಕ್ಷಿಸಿ ಹೆಸರು ಹೇಳಿದರು: ವಿಲ್ಸನ್ ರೋಗ.

ಓದುಗರು ಈ ಹೆಸರಿಗೆ ಹೆದರಬೇಕಾಗಿಲ್ಲ. ಸಂಗತಿ ಸರಳವಾಗಿದೆ. ನಾವು ತಿನ್ನುವ ಅನ್ನ, ಬೇಳೆ, ಸೊಪ್ಪು ಎಲ್ಲದರಲ್ಲಿಯೂ ಒಂದಿಷ್ಟು ತಾಮ್ರವಿದೆ. ಮೈಗೆ ಬೇಕಾದಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ಪಿತ್ತದ ಮೂಲಕ ಹೊರಗೆ ಹಾಕುವುದು ಪಿತ್ತಜನಕಾಂಗದ ಕೆಲಸ. ಆ ಹೊರಗೆ ಹಾಕುವ ಯಂತ್ರದ ನಕ್ಷೆ ತಂದೆಯಿಂದ ಒಂದು, ತಾಯಿಯಿಂದ ಒಂದು ಬರುತ್ತದೆ. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಎರಡೂ ಕೆಟ್ಟಿದ್ದರೆ ತಾಮ್ರ ಹೊರಗೆ ಹೋಗುವುದಿಲ್ಲ. ಮೊದಲು ಪಿತ್ತಜನಕಾಂಗದಲ್ಲಿ ಸೇರುತ್ತದೆ, ಅಲ್ಲಿ ತುಂಬಿ ರಕ್ತಕ್ಕೆ ಹರಿದು ಮಿದುಳಿನ ಆಳದಲ್ಲಿ ಕೂರುತ್ತದೆ, ಕಣ್ಣಿನ ಅಂಚಿನಲ್ಲಿ ಉಂಗುರವಾಗುತ್ತದೆ. ಮಿದುಳಿನಲ್ಲಿ ಕೂತ ತಾಮ್ರ ಕೈ ನಡುಗಿಸುತ್ತದೆ, ಅಕ್ಷರ ಕೆಡಿಸುತ್ತದೆ, ನಗಿಸುತ್ತದೆ, ಅಳಿಸುತ್ತದೆ, ಸಿಟ್ಟು ಬರಿಸುತ್ತದೆ. 1912ರಲ್ಲಿ ಲಂಡನ್ನಿನ ವೈದ್ಯ ಕಿನ್ನಿಯರ್ ವಿಲ್ಸನ್ ಇದನ್ನು ವಿವರವಾಗಿ ಬರೆದರು. 1956ರಲ್ಲಿ ಜಾನ್ ವಾಲ್ಶ್ ಎಂಬ ಬ್ರಿಟಿಷ್ ವೈದ್ಯರು ಪೆನಿಸಿಲಮೈನ್ ಎಂಬ ಮದ್ದನ್ನು ಮೊದಲು ತಾವೇ ನುಂಗಿ ನೋಡಿ, ಆಮೇಲೆ ರೋಗಿಗೆ ಕೊಟ್ಟರು. ಅದು ತಾಮ್ರವನ್ನು ಕಟ್ಟಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಸತುವಿನ ಲವಣವೂ ಮದ್ದೇ. ಅದು ಕರುಳಿನಲ್ಲಿ ತಾಮ್ರ ಮೈಗೆ ಹತ್ತದಂತೆ ತಡೆಯುತ್ತದೆ, ಅಗ್ಗವೂ ಹೌದು. ಮದ್ದು ಸಾಯುವತನಕ ಬೇಕು. ಬೇಗ ಹಿಡಿದರೆ ಮಗು ಎಲ್ಲರಂತೆ ಬಾಳುತ್ತದೆ. ತಡವಾದರೆ ಕಳೆದುಕೊಂಡದ್ದೆಲ್ಲ ಹಿಂದಕ್ಕೆ ಬರುವುದಿಲ್ಲ. ತಲೆಕೆಟ್ಟವರಿಗೆ ಕೊಡುವ ಕೆಲವು ಮಾತ್ರೆಗಳು ಈ ರೋಗಿಗಳ ಮೈಯನ್ನು ಇನ್ನಷ್ಟು ಸೆಟೆಸುತ್ತವೆ ಎಂಬುದೂ ವೈದ್ಯರಿಗೆ ಗೊತ್ತಿರುವ ಸಂಗತಿಯೇ.

(ಇಲ್ಲಿ ಒಂದು ಮಾತು. ತಾಮ್ರದ ಬಾಟಲಿಯಲ್ಲಿ ನೀರಿಟ್ಟು ಕುಡಿದರೆ ಸಕಲ ರೋಗವೂ ದೂರವೆಂದು ಸಾರಿ, ಅದನ್ನು ಮೂರು ಪಟ್ಟು ಬೆಲೆಗೆ ಮಾರುವ ಸ್ವದೇಶಿ ಸಂತರು ಈಗ ಊರೂರಿಗೂ ಇದ್ದಾರೆ. ಆರೋಗ್ಯವಂತನಿಗೆ ಅದರಿಂದ ಹೋಗುವುದು ಹಣ ಮಾತ್ರ. ಈ ಹುಡುಗನಂಥವರಿಗೆ ಅದು ವಿಷ. ಯಾವ ಬಾಟಲಿಯ ಮೇಲೆ ಹಾಗೆ ಬರೆದಿದೆ?)

ನಿಮ್ಹಾನ್ಸಿನ ವೈದ್ಯರು ಮೂರು ದಶಕಗಳಲ್ಲಿ ತಾವು ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಅವರಲ್ಲಿ 195 ಜನರಿಗೆ ರೋಗ ಮೊದಲು ತೋರಿದ್ದು ನರದೋಷವಾಗಿ. 7 ಜನರಿಗೆ ಬರಿಯ ಮನೋವಿಕಾರವಾಗಿ. ಏಳೇ ತಾನೆ ಎನ್ನಬೇಡಿ. ಅದೇ ಸಂಸ್ಥೆಯವರು 50 ರೋಗಿಗಳನ್ನು ಮನಸ್ಸಿನ ದೃಷ್ಟಿಯಿಂದ ಕೂರಿಸಿ ಪರೀಕ್ಷಿಸಿ 2008ರಲ್ಲಿ ಬರೆದ ಇನ್ನೊಂದು ವರದಿಯಲ್ಲಿ 12 ಜನರಿಗೆ, ಅಂದರೆ ನಾಲ್ವರಲ್ಲಿ ಒಬ್ಬರಿಗೆ ಹತ್ತಿರ, ಹೆಸರಿಟ್ಟು ಹೇಳಬಹುದಾದ ಮಾನಸಿಕ ಕಾಯಿಲೆ ಇತ್ತು. ಇದು ನಿಮ್ಹಾನ್ಸಿನ ಬಾಗಿಲಿಗೆ ಬಂದು ಮುಟ್ಟಿದವರ ಲೆಕ್ಕ. ಬರದೆ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿಕೊಂಡವರ ಲೆಕ್ಕವನ್ನು ಯಾರು ಬರೆದಿಟ್ಟಿದ್ದಾರೆ?

ವಿಲ್ಸನ್ ರೋಗ ಒಂದೇ ಅಲ್ಲ. ಮೈಯೊಳಗೆ ಆಹಾರವನ್ನು ಅರೆದು, ಒಡೆದು, ಸಾಗಿಸುವ ಕೆಲಸವನ್ನು ಒಂದು ಅಕ್ಕಿ ಗಿರಣಿಗೆ ಹೋಲಿಸಿ ನೋಡಿ. ಗಿರಣಿಯಲ್ಲಿ ದುಡಿಯುವ ಸಂಗಾತಿಗಳಿಗೆ ಇದು ಬೇಗ ತಿಳಿಯುತ್ತದೆ. ಒಂದು ಯಂತ್ರ ನಿಂತರೆ ಹಿಂದಿನ ಯಂತ್ರದ ಮಾಲು ರಾಶಿ ಬೀಳುತ್ತದೆ, ಮುಂದಿನ ಯಂತ್ರ ಖಾಲಿ ತಿರುಗುತ್ತದೆ. ಹುಟ್ಟಿನಿಂದಲೇ ಒಂದು ಯಂತ್ರ ನಿಂತ ಮಕ್ಕಳಿದ್ದಾರೆ. ಯಾವ ಯಂತ್ರ ನಿಂತಿತು ಎಂಬುದರ ಮೇಲೆ ರೋಗದ ಹೆಸರು. ಬೇಳೆ, ಮೊಟ್ಟೆ, ಮಾಂಸ ಕಂಡರೆ ಮುಖ ತಿರುಗಿಸುವ ಮಗು, ಜ್ವರ ಬಂದಾಗಲೋ ಹಬ್ಬದ ಬಾಡೂಟ ಉಂಡ ಮರುದಿನವೋ ಹುಚ್ಚುಹುಚ್ಚಾಗಿ ಕಿರುಚಿ, ತಾಯಿಯನ್ನು ಗುರುತಿಸದೆ, ಕೊನೆಗೆ ಮಂಪರಿಗೆ ಬೀಳುತ್ತದೆ. ಹಬ್ಬದ ರಾತ್ರಿ ಸೋಕಿತು ಎನ್ನುತ್ತಾರೆ. ಅದರ ರಕ್ತದಲ್ಲಿ ಅಮೋನಿಯಾ ಏರಿದೆಯೋ ಎಂದು ನೋಡಿದವರು ಯಾರು? ಕೋಲಿನಂತೆ ಎತ್ತರಕ್ಕೆ ಬೆಳೆದು, ಕಣ್ಣಿನ ಮಸೂರ ಜಾರಿ, ಹರೆಯದಲ್ಲಿ ಯಾರೋ ಕಿವಿಯಲ್ಲಿ ಮಾತನಾಡುತ್ತಾರೆಂದು ಹೇಳತೊಡಗುವ ಹುಡುಗನಿಗೆ ಹೋಮೋಸಿಸ್ಟಿನ್ಯೂರಿಯಾ ಇರಬಹುದು; ಅಂಥವರಲ್ಲಿ ಸುಮಾರು ಅರ್ಧ ಜನ ಬಿ6 ಎಂಬ ಸಾಮಾನ್ಯ ಜೀವಸತ್ವಕ್ಕೇ ಬಗ್ಗುತ್ತಾರೆ. ಎಲ್ಲಕ್ಕೂ ಮದ್ದಿದೆ ಎಂದು ನಾನು ಹೇಳುವುದಿಲ್ಲ. ಸ್ಯಾನ್ಫಿಲಿಪ್ಪೋ ಎಂಬ ರೋಗದ ಮಗು ಮೂರು ನಾಲ್ಕು ವರ್ಷದಲ್ಲಿ ನಿದ್ದೆ ಬಿಟ್ಟು, ಕಚ್ಚಿ, ಓಡಿ, ಕಲಿತ ಮಾತನ್ನೆಲ್ಲ ಮರೆಯುತ್ತದೆ. ಅದನ್ನು ಗುಣಪಡಿಸುವ ಚಿಕಿತ್ಸೆ ಕೈಗೆ ಬಂದಿಲ್ಲ. ಆದರೆ ಆ ತಾಯಿಗೂ ಒಂದು ಹಕ್ಕಿದೆ. ತನ್ನ ಮಗು ಕೆಟ್ಟದ್ದು ತನ್ನ ಸಾಕಣೆಯಿಂದಲ್ಲ ಎಂದು ತಿಳಿಯುವ ಹಕ್ಕು.

"ಇವೆಲ್ಲ ಲಕ್ಷಕ್ಕೊಬ್ಬನಿಗೆ ಬರುವ ರೋಗ, ಬಡ ದೇಶ ಮೊದಲು ಹಸಿವೆಯನ್ನು ನೋಡಲಿ" ಎನ್ನುವ ಬುದ್ಧಿವಂತರಿದ್ದಾರೆ. ಈ ವಾದವನ್ನು ನಮ್ಮ ಪಕ್ಷದವರ ಬಾಯಿಂದಲೂ ಕೇಳಿದ್ದೇನೆ, ಆದ್ದರಿಂದ ಲೆಕ್ಕ ಹಾಕಿಯೇ ಉತ್ತರ ಕೊಡುತ್ತೇನೆ. ವಿಲ್ಸನ್ ರೋಗ 30,000 ಜನಕ್ಕೆ ಒಬ್ಬರಿಗೆ ಎಂಬುದು ಜಗತ್ತಿನ ಪುಸ್ತಕಗಳಲ್ಲಿ ಬಹುಕಾಲದಿಂದ ನಡೆದುಬಂದ ಅಂದಾಜು. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ; ಹಾಸನ ಜಿಲ್ಲೆಯದು 17 ಲಕ್ಷ 76 ಸಾವಿರ. ಆ ಅಂದಾಜನ್ನೇ ಹಿಡಿದರೆ ರಾಜ್ಯದಲ್ಲಿ ಸುಮಾರು 2,000 ಜನ, ನಮ್ಮ ಜಿಲ್ಲೆಯಲ್ಲಿ ಸುಮಾರು 60 ಜನ. ಇದು ಒಂದು ರೋಗ. ಇಂಥ ರೋಗಗಳು ನೂರಾರು. ಒಂದೊಂದೂ ಅಪರೂಪ, ಕೂಡಿದರೆ ಒಂದು ಊರು. 1963ರಲ್ಲಿ ಡಾ. ಲೋಹಿಯಾ ಲೋಕಸಭೆಯಲ್ಲಿ ಬಡವನ ಮೂರಾಣೆಯ ಲೆಕ್ಕ ಇಟ್ಟಾಗ ಆಳುವವರು ಸರಾಸರಿಯ ಮರೆಯಲ್ಲಿ ನಿಂತರು. ಇಂದು ಅಪರೂಪ ಎಂಬ ಪದದ ಮರೆಯಲ್ಲಿ ನಿಂತಿದ್ದಾರೆ. ಹಸಿವೆಯನ್ನು ನೋಡಿದವರಾದರೂ ಇವರೇ ಆಗಿದ್ದರೆ ಈ ವಾದಕ್ಕೆ ಒಂದಿಷ್ಟು ಮಾನವಿರುತ್ತಿತ್ತು.

ಈ ರೋಗಗಳ ಚರಿತ್ರೆಯಲ್ಲಿ ವಿಜ್ಞಾನಿಯ ದುಡಿಮೆಯೂ ಇದೆ, ವ್ಯಾಪಾರಿಯ ಲೂಟಿಯೂ ಇದೆ. 1934ರಲ್ಲಿ ನಾರ್ವೆ ದೇಶದ ಒಬ್ಬ ತಾಯಿ, ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ವೈದ್ಯರಿಂದ ವೈದ್ಯರಿಗೆ ಅಲೆದು, ಕೊನೆಗೆ ಆಸ್ಬ್ಯರ್ನ್ ಫೋಲಿಂಗ್ ಎಂಬ ವೈದ್ಯರ ಬಳಿ ಬಂದಳು. ಮಕ್ಕಳ ಮೈಯಿಂದ ಒಂದು ವಿಚಿತ್ರ ವಾಸನೆ ಬರುತ್ತದೆ ಎಂದು ಪಟ್ಟು ಹಿಡಿದು ಹೇಳಿದವಳು ಅವಳೇ. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದರು, ಅದು ಹಸಿರಾಯಿತು. ಫಿನೈಲ್‌ಕೀಟೋನ್ಯೂರಿಯಾ ಎಂಬ ರೋಗ ಜಗತ್ತಿಗೆ ಗೊತ್ತಾದದ್ದು ಹೀಗೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಈ ಮಕ್ಕಳ ಬುದ್ಧಿ ಮುರುಟುತ್ತದೆ, ತಮ್ಮನ್ನೇ ಕಚ್ಚಿಕೊಳ್ಳುತ್ತಾರೆ, ತಡೆಯಿಲ್ಲದೆ ರಂಪ ಮಾಡುತ್ತಾರೆ. ಹುಟ್ಟಿದ ಕೆಲವೇ ವಾರಗಳಲ್ಲಿ ಆಹಾರ ಬದಲಿಸಿದರೆ ಶಾಲೆಗೆ ಹೋಗಿ ಕಲಿಯುತ್ತಾರೆ. 1960ರ ದಶಕದ ಆರಂಭದಲ್ಲಿ ಅಮೆರಿಕದ ರಾಬರ್ಟ್ ಗತ್ರಿ, ಕೂಸಿನ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ಕಾಗದಕ್ಕೆ ಹೀರಿಸಿ ಈ ರೋಗ ಪತ್ತೆ ಹಚ್ಚುವ ಉಪಾಯ ಕಂಡುಹಿಡಿದರು. ಅವರ ಸ್ವಂತ ಮಗ ಬುದ್ಧಿಮಾಂದ್ಯ; ಸಂಬಂಧದ ಒಂದು ಮಗುವಿಗೆ ಇದೇ ರೋಗ. ತಾನು 6 ಡಾಲರಿಗೆ ತಯಾರಿಸಿದ್ದ ಪರೀಕ್ಷೆಯ ಪೆಟ್ಟಿಗೆಯನ್ನು ಒಂದು ಕಂಪನಿ 262 ಡಾಲರಿಗೆ ಮಾರಹೊರಟಿದೆ ಎಂದು ತಿಳಿದಾಗ ಆ ಮನುಷ್ಯ ಸುಮ್ಮನೆ ಕೂರಲಿಲ್ಲ, ಆ ಗುತ್ತಿಗೆಯನ್ನೇ ಮುರಿಸಿದರು. ಆದರೆ ಎಲ್ಲ ಕಡೆ ಗತ್ರಿ ಇರುವುದಿಲ್ಲವಲ್ಲ. ಪೆನಿಸಿಲಮೈನ್ ಒಗ್ಗದ ವಿಲ್ಸನ್ ರೋಗಿಗಳಿಗೆ ಕೊಡುವ ಸಿಪ್ರಿನ್ ಎಂಬ ಮದ್ದಿನ ನೂರು ಗುಳಿಗೆಗೆ ಅಮೆರಿಕದಲ್ಲಿ 2010ರಲ್ಲಿ 652 ಡಾಲರ್ ಇತ್ತು. ವ್ಯಾಲಿಯಂಟ್ ಕಂಪನಿಯ ಕೈಯಲ್ಲಿ 2015ರ ಹೊತ್ತಿಗೆ ಅದು 21,267 ಡಾಲರ್ ಆಯಿತು. ಮದ್ದು ಅದೇ, ಗುಳಿಗೆ ಅದೇ. ಏರಿದ್ದು ಬೆಲೆ ಒಂದೇ. ದಿನಸಿ ಅಂಗಡಿಯವನು ಬೇಳೆಗೆ ಎರಡು ರೂಪಾಯಿ ಏರಿಸಿದರೆ ಕಾಳಸಂತೆಕೋರ ಎನ್ನುವವರು ಇದನ್ನು ಏನೆಂದು ಕರೆಯುತ್ತಾರೆ?

ಇನ್ನು ನಮ್ಮ ನಾಡಿನ ಸಂಗತಿ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದು ಹುಟ್ಟಿದ ರಾಜ್ಯವಲ್ಲ. ಮುಂದೆ ಇದ್ದು ಕೂತುಬಿಟ್ಟ ರಾಜ್ಯ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಅವರ ಸಂಗಡಿಗರು ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ 1 ಲಕ್ಷಕ್ಕೂ ಮಿಕ್ಕಿದ ಕೂಸುಗಳ ಹಿಮ್ಮಡಿಯ ರಕ್ತ ಪರೀಕ್ಷಿಸಿದರು. ಭಾರತದಲ್ಲಿ ಅಂಥ ಕೆಲಸಕ್ಕೆ ಅದು ಮೊದಲು. ರೋಗಗಳು ಸಿಕ್ಕವು, ಲೇಖನಗಳು ಪರದೇಶದ ಪತ್ರಿಕೆಗಳಲ್ಲಿ ಅಚ್ಚಾದವು. ಆಮೇಲೆ? ಗೋವಾ 2008ರಲ್ಲಿ ಸರಕಾರದ ಖರ್ಚಿನಲ್ಲಿ ಶುರುಮಾಡಿತು. ಪಕ್ಕದ ಕೇರಳ ಸರಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ನಾಲ್ಕು ರೋಗಗಳಿಗಾದರೂ ರಕ್ತ ನೋಡುವ ಏರ್ಪಾಟು ಮಾಡಿತು. ನಮ್ಮಲ್ಲಿ ನಾನು ಹೆಚ್ಚು ಹೇಳುವುದಿಲ್ಲ, ನೀವೇ ಕೇಳಿ. ನಿಮ್ಮ ಮನೆಯಲ್ಲಿ ಈಚೆಗೆ ಹೆರಿಗೆಯಾಗಿದ್ದರೆ, ಕೂಸಿನ ಹಿಮ್ಮಡಿ ಚುಚ್ಚಿ ಕಾಗದಕ್ಕೆ ರಕ್ತ ಹೀರಿಸಿದರೇ? ಫಲಿತಾಂಶ ನಿಮ್ಮ ಕೈಗೆ ಬಂತೇ? ಹೊಂಗಡಹಳ್ಳದ ಸುತ್ತ ನಾನು ಕೇಳಿದ ತಾಯಂದಿರಲ್ಲಿ ಒಬ್ಬರೂ ಹೌದೆನ್ನಲಿಲ್ಲ. ಹಾಸನ, ಬೆಂಗಳೂರಿನ ಹಣವಂತರ ನರ್ಸಿಂಗ್ ಹೋಮುಗಳಲ್ಲಿ ಈ ಪರೀಕ್ಷೆಯನ್ನು ಬಿಲ್ಲಿನೊಡನೆ ಮಾಡಿಕೊಡುತ್ತಾರೆ. ಹನಿ ರಕ್ತಕ್ಕೂ ಜಾತಿ, ವರ್ಗ ಬಂತು.

ಒಂದು ಎಚ್ಚರಿಕೆ: ಹಿಮ್ಮಡಿಯ ಹನಿ ಎಲ್ಲವನ್ನೂ ಹೇಳುವುದಿಲ್ಲ. ವಿಲ್ಸನ್ ರೋಗ ಸಾಮಾನ್ಯವಾಗಿ ಅದರಲ್ಲಿ ಸಿಕ್ಕುವುದಿಲ್ಲ. ಅದಕ್ಕೆ ಕಣ್ಣು ನೋಡಬೇಕು, ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಅಳೆಯಬೇಕು, ಇಡೀ ದಿನದ ಮೂತ್ರದಲ್ಲಿ ತಾಮ್ರ ಅಳೆಯಬೇಕು. ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರಕ್ಕಿಂತ ಸಂಶಯ. ಚೆನ್ನಾಗಿ ಓದುತ್ತಿದ್ದ ಮಗು ಕೆಟ್ಟಿತು ಎಂದರೆ ಕಾರಣ ಮೈಯಲ್ಲಿಯೂ ಇರಬಹುದೆಂಬ ಸಂಶಯ ಮೇಷ್ಟ್ರಿಗೆ, ಡಾಕ್ಟರಿಗೆ, ತಾಯಿಗೆ ಬರಬೇಕು. ನನಗೆ ಬರಲಿಲ್ಲ.

"ಸಂಬಂಧದಲ್ಲೇ ಮದುವೆ ಮಾಡಿಕೊಂಡರೆ ಹೀಗೇ" ಎಂದು ಆಸ್ಪತ್ರೆಯ ಜಗಲಿಯಲ್ಲಿ ಬಡವರ ಮುಖಕ್ಕೆ ಉಗಿದಂತೆ ಹೇಳುವುದನ್ನು ನಾನೇ ಕೇಳಿದ್ದೇನೆ. ಇದರಲ್ಲಿ ಒಂದು ಪಾಲು ನಿಜವಿದೆ, ಮುಚ್ಚಿಡಬಾರದು. ಒಂದೇ ಮನೆತನದ ಇಬ್ಬರಲ್ಲಿ ಒಂದೇ ಕೆಟ್ಟ ನಕ್ಷೆ ಇರುವ ಸಂಭವ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ವಿಚಾರಿಸಿದಾಗ ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದ್ದು, ಐದರಲ್ಲಿ ಒಂದು ಸೋದರಮಾವ–ಅಕ್ಕನ ಮಗಳದ್ದು. ನಿಮ್ಹಾನ್ಸಿನ 282 ರೋಗಿಗಳಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನರ ತಂದೆತಾಯಿ ಸಂಬಂಧಿಕರು. ಸರಿ. ಹಾಗಾದರೆ ಮಿಕ್ಕ ಅರ್ಧ? ಅವರ ತಂದೆತಾಯಿ ಯಾವ ತಪ್ಪು ಮಾಡಿದ್ದರು? ಇನ್ನೂ ಒಂದು ಪ್ರಶ್ನೆ. ಎರಡೆಕರೆ ಗದ್ದೆ ಒಡೆಯದಿರಲೆಂದು, ಒಡವೆ ವರದಕ್ಷಿಣೆಯ ಹೊರೆ ತಪ್ಪಲೆಂದು, ಕೊಟ್ಟ ಹುಡುಗಿ ಕಣ್ಣೆದುರಿಗಿರಲೆಂದು ಜನ ಸಂಬಂಧ ಬೆಳೆಸಿದರು. ಆ ಬಡತನವನ್ನು ಹಾಗೆಯೇ ಇಟ್ಟು ಬರೀ ಮದುವೆಯನ್ನು ಬಯ್ಯುವುದು ಸುಲಭ. ಬಯ್ಯುವವರು ಮದುವೆಗೆ ಮೊದಲು ಕೂತು ಮಾತನಾಡಿ ತಿಳಿಹೇಳುವ ಒಬ್ಬ ವಂಶವಾಹಿ ತಜ್ಞರನ್ನು ಜಿಲ್ಲೆಗೆ ಕೊಟ್ಟಿದ್ದಾರೆಯೇ?

ಯೋಜನೆಗಳಿಲ್ಲವೆಂದು ಯಾರೂ ಹೇಳುವಂತಿಲ್ಲ. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ತಂಡಗಳು ಜೀಪಿನಲ್ಲಿ ಶಾಲೆ, ಅಂಗನವಾಡಿಗೆ ಬಂದು ಮಕ್ಕಳನ್ನು ನೋಡಬೇಕು. 2021ರಲ್ಲಿ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ಬಂತು. ಬೆಂಗಳೂರಿನ ಮಾನವ ತಳಿಶಾಸ್ತ್ರ ಕೇಂದ್ರ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯನ್ನು ಒಟ್ಟಿಗೆ ಒಂದು ಉನ್ನತ ಕೇಂದ್ರವೆಂದು ಸಾರಿದರು. 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಿದರು. ಕಾಗದದ ಮೇಲೆ ಇದು ಚಿಕ್ಕ ಸಂಗತಿಯಲ್ಲ. ಆದರೆ ಬೆಂಗಳೂರಿನ ಕೇಂದ್ರಕ್ಕೆ ಹೋಗಬೇಕಾದರೆ ರೋಗದ ಹೆಸರು ಗೊತ್ತಿರಬೇಕು. ಹೆಸರು ಗೊತ್ತಾಗಬೇಕಾದದ್ದು ಸಕಲೇಶಪುರ, ಆಲೂರಿನಲ್ಲಿ. 2018ರಲ್ಲಿ ಬಂದ ಆರೋಗ್ಯ ಕರ್ನಾಟಕ ಯೋಜನೆಯನ್ನು ಕಟ್ಟಿದ್ದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವರ ಸುತ್ತ. ಮನೆಯಲ್ಲಿದ್ದುಕೊಂಡು ನಲವತ್ತು ವರ್ಷ ದಿನಕ್ಕೆ ಮೂರು ಸಲ ಮಾತ್ರೆ ನುಂಗಬೇಕಾದವನು ಯಾವ ವಾರ್ಡಿನಲ್ಲಿ ಮಲಗಬೇಕು? ಗಿರಣಿ ಕಾರ್ಮಿಕನಿಗೆ ಹೆಸರಿಗಾದರೂ ಇಎಸ್ಐ ಇದೆ. ಸಂತೆಯಲ್ಲಿ ಬುಟ್ಟಿ ಇಟ್ಟವನಿಗೆ, ಬೀದಿ ಮೂಲೆಯ ಅಂಗಡಿಯವನಿಗೆ ಅದೂ ಇಲ್ಲ. ಅವನ ಮಗುವಿಗೆ ಇಂಥ ರೋಗ ಬಂದರೆ ಮೊದಲು ಗಲ್ಲಾಪೆಟ್ಟಿಗೆ ಖಾಲಿ, ಆಮೇಲೆ ಅಂಗಡಿ ಖಾಲಿ.

ಹೊಂಗಡಹಳ್ಳ ದೂರದ ಊರು, ಅಲ್ಲಿಗೆ ತಲುಪುವುದು ಕಷ್ಟ ಎನ್ನುತ್ತಾರೆ ಅಧಿಕಾರಿಗಳು. ಗುಂಡ್ಯ ಜಲವಿದ್ಯುತ್ ಯೋಜನೆಗೆ ಆ ಕಾಡನ್ನೂ ಹೊಳೆಯನ್ನೂ ಅಳೆಯಬೇಕಾಗಿದ್ದಾಗ ಆ ಊರು ದೂರವಿರಲಿಲ್ಲ.

ನಮ್ಮವರಿಗೂ ಒಂದು ಮಾತು ಹೇಳಬೇಕು. ಮೌಢ್ಯದ ಮೇಲೆ ನಾವು ಭಾಷಣ ಮಾಡುತ್ತೇವೆ, ಮಂತ್ರವಾದಿಯನ್ನು ಗೇಲಿ ಮಾಡುತ್ತೇವೆ, ಚಪ್ಪಾಳೆ ಬೀಳುತ್ತದೆ. ಆ ತಾಯಿಯ ಮುಂದೆ ನಾನೂ ಅಂಥ ಒಂದು ಭಾಷಣ ಮಾಡಿದೆ. ಆಕೆ ಕೇಳಿ ಮುಗಿಸಿ ಹೇಳಿದರು: "ಮಂತ್ರ ಹಾಕೋನು ರಾತ್ರಿ ಕರೆದ್ರೂ ಬರ್ತಿದ್ದ ಮೇಷ್ಟ್ರೇ. ನೀವು ಹೇಳೋ ಡಾಕ್ಟ್ರು ಎಲ್ಲವ್ರೆ?" ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮಂತ್ರವಾದಿಯನ್ನು ಓಡಿಸುವ ಮೊದಲು ಅವನ ಜಾಗದಲ್ಲಿ ಕೂರಲು ಯಾರನ್ನು ಕರೆತರುತ್ತೇವೆಂದು ನಾವು ಹೇಳಬೇಕು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಸಕಲೇಶಪುರ, ಆಲೂರು, ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಕೂಸಿನ ಹಿಮ್ಮಡಿಯ ರಕ್ತ ತೆಗೆಯಬೇಕು, ಫಲಿತಾಂಶ ಕನ್ನಡದಲ್ಲಿ ತಾಯಿಯ ಕೈಗೆ ಬರಬೇಕು. ಅಮೋನಿಯಾ, ಸೆರುಲೋಪ್ಲಾಸ್ಮಿನ್ ಅಳೆಯುವ ಏರ್ಪಾಟು ಹಾಸನದ ಜಿಲ್ಲಾ ಆಸ್ಪತ್ರೆಯಲ್ಲಿ ಹಗಲೂ ರಾತ್ರಿಯೂ ಬಡವನಿಗೆ ಕೈಗೆಟುಕಬೇಕು. ಮನಸ್ಸು ಕೆಟ್ಟಿತೆಂದು ಕರೆತಂದ ಯಾವ ಮಗುವಿಗೂ ಕಣ್ಣು, ರಕ್ತ ನೋಡದೆ ತಲೆಯ ಮಾತ್ರೆ ಬರೆಯಬಾರದು. ಪೆನಿಸಿಲಮೈನ್, ಸತು, ಬಿ6 ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲೇ ಪುಕ್ಕಟೆ ಸಿಗಬೇಕು. ಮಾತ್ರೆಗಾಗಿ ತಿಂಗಳಿಗೆ ಎರಡು ದಿನದ ಕೂಲಿ ಕಳೆದು ಬೆಂಗಳೂರಿಗೆ ಹೋಗುವಂತಾಗಬಾರದು. ಮಾತ್ರೆ ತಪ್ಪಿದರೆ ಈ ರೋಗಿಗಳು ಸಾಯುತ್ತಾರೆ. ಒಂದು ಮಗುವಿನಲ್ಲಿ ರೋಗ ಸಿಕ್ಕಿದ ದಿನವೇ ಅದರ ಅಣ್ಣತಮ್ಮ ಅಕ್ಕತಂಗಿಯರನ್ನೆಲ್ಲ ಪರೀಕ್ಷಿಸಬೇಕು, ಅದಕ್ಕೆ ಬಸ್ಸಿನ ಚಾರ್ಜನ್ನು ಸರಕಾರವೇ ಕೊಡಬೇಕು.

ಈ ಕೊನೆಯದನ್ನು ಸುಮ್ಮನೆ ಸೇರಿಸಲಿಲ್ಲ. ಹುಡುಗ ಈಗ ಮಾತ್ರೆಯ ಮೇಲಿದ್ದಾನೆ. ನಡುಕ ತಗ್ಗಿದೆ, ಸಿಟ್ಟು ಇಳಿದಿದೆ, ಮಾತು ಅರ್ಧ ಬಂದಿದೆ. ಅಕ್ಷರ ಬರಲಿಲ್ಲ. ಅವನ ತಂಗಿಯನ್ನು ಪರೀಕ್ಷಿಸಬೇಕೆಂದು ಡಾಕ್ಟರರು ಮೊದಲ ದಿನವೇ ಚೀಟಿಯಲ್ಲಿ ಬರೆದಿದ್ದರು. ಚೀಟಿ ಇಂಗ್ಲಿಷಿನಲ್ಲಿದ್ದುದರಿಂದ ಅದು ಮನೆಯವರಿಗೆ ತಿಳಿದದ್ದು ಎಂಟು ತಿಂಗಳ ಮೇಲೆ. ಅಣ್ಣ ಎಸೆದ ತಟ್ಟೆಯ ಗಾಯ ಹಣೆಯ ಮೇಲಿರುವ ಆ ಹುಡುಗಿಗೆ ಈಗ ಒಂಬತ್ತು. ನೋಡಲು ಏನೂ ಇಲ್ಲ; ಓದುತ್ತಾಳೆ, ಆಡುತ್ತಾಳೆ, ಅಕ್ಷರ ಅಣ್ಣನ ಹಳೆಯ ಅಕ್ಷರದಂತೆಯೇ ಇದೆ. ರಕ್ತದಲ್ಲಿ ರೋಗ ಸಿಕ್ಕಿತು. ಮಿದುಳಿಗೆ ಹೋಗಿಲ್ಲ. ಸತುವಿನ ಮಾತ್ರೆ ಶುರುವಾಗಿದೆ. ತಿಂಗಳ ಮಾತ್ರೆಗೆ ತಾಯಿ ಬೆಳಗಿನ ಮೊದಲ ಬಸ್ಸು ಹಿಡಿಯುತ್ತಾರೆ. ಹೋದ ತಿಂಗಳು ಮಳೆಗೆ ರಸ್ತೆ ಕುಸಿದು ಬಸ್ಸು ಬರಲಿಲ್ಲ, ನಾಲ್ಕು ದಿನ ಮಾತ್ರೆಯಿಲ್ಲದೆ ಕಳೆಯಿತು.